ತೊಂಬತ್ತು ಕ್ರೇಟ್ ಆಯ್ತು, ಇನ್ನು ಹತ್ತರಲ್ಲಿ ಸಿಗುತ್ತಾ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ಗುರುತು ಸಿಕ್ಕಿತು. ಆಟದಲ್ಲಿ ಐದು ತುಂಡಿನ ವೇಷದ ಸೆಟ್, ನಾಲ್ಕು ಸಿಕ್ಕಾಗಿದೆ, ಐದನೆಯದಕ್ಕೆ 1% ಅಂತ ಬರೆದಿದ್ದಾರೆ, 40 ರೂಪಾಯಿಯ ಕ್ರೇಟ್ (ಒಳಗೆ ಏನಿದೆ ಅಂತ ತೆರೆದ ಮೇಲಷ್ಟೇ ಗೊತ್ತಾಗುವ ಪೆಟ್ಟಿಗೆ) ಆಗಲೇ 90 ತೆರೆದಿದ್ದೀರಿ, ಭಾನುವಾರ ಇವೆಂಟ್ ಮುಗಿಯುತ್ತದೆ. ಇನ್ನು ಹತ್ತು ತೆರೆದರೆ ನೂರಾಗುತ್ತದೆ, ಆಗ ಬಂದೇ ಬರುತ್ತದೆ ಅಲ್ವಾ, ಯಾವ ಹೊತ್ತಿನಲ್ಲಿ ತೆರೆದರೆ ಲಕ್ ಜಾಸ್ತಿ ಅಂತ ಕೇಳಿದ್ದೀರಿ.

ತೆರೆಯಬೇಡಿ. ಬೆಳಿಗ್ಗೆಯೂ ಬೇಡ, ಮಧ್ಯರಾತ್ರಿಯೂ ಬೇಡ. ನನ್ನದೂ ಇದೇ ಕಥೆ, ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ದೊಡ್ಡದೇನಲ್ಲ. ನಾನು ಆಗ ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದೆ. ಊರಿನಲ್ಲಿ ನೆಟ್‌ವರ್ಕ್ ಬೇಕು ಅಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು, ಹಾಗಾಗಿ ಆಟವೆಲ್ಲ ರೂಮಿನಲ್ಲೇ. ಆ ವರ್ಷ ಮೇ ಕೊನೆಯಲ್ಲಿ ಅಪ್ಪಯ್ಯ ನನ್ನ ಖಾತೆಗೆ ದುಡ್ಡು ಹಾಕಿದರು. ಪೇಟೆಯಿಂದ ಮೈಲುತುತ್ತ, ಸುಣ್ಣ ತರಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಮುಂಗಡ ಕೊಡಬೇಕು. ಮಲೆನಾಡಿನವರಿಗೆ ಇದು ಗೊತ್ತೇ ಇರುತ್ತದೆ. ಗೊತ್ತಿಲ್ಲದವರಿಗೆ: ಮಳೆ ಬಿರುಸಾಗುವ ಮೊದಲು ಅಡಿಕೆ ಗೊನೆಗಳಿಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಬೇಕು, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ಇಲ್ಲದಿದ್ದರೆ ಕೊಳೆ ರೋಗ ಬಂದು ಎಳೆಕಾಯಿ ಉದುರಿ ಹೋಗುತ್ತದೆ. ವರ್ಷದ ದುಡಿಮೆ ಅದು.

ಆಟದ ಹೆಸರು ಬೇಡ. ಅದರಲ್ಲೂ ನಿಮ್ಮ ಹಾಗೇ ಐದು ತುಂಡಿನ ಒಂದು ವೇಷ ಇತ್ತು. ನಾಲ್ಕು ಬೇಗ ಬಂದವು. ಸ್ಕ್ರೀನಿನ ಮೇಲ್ಗಡೆ ಒಂದು ಹಳದಿ ಪಟ್ಟಿ, ಐದರಲ್ಲಿ ನಾಲ್ಕು ಪಾಲು ತುಂಬಿದೆ. ಐದನೆಯ ತುಂಡಿನ ಜಾಗದಲ್ಲಿ ಬೂದು ಬಣ್ಣದ ಆಕಾರ ಮಾತ್ರ. ನನ್ನ ಕೈಯಲ್ಲಿದ್ದ ಸ್ವಂತ ದುಡ್ಡು ಖಾಲಿಯಾದಾಗ ಔಷಧಿ ದುಡ್ಡು ಖಾತೆಯಲ್ಲಿತ್ತು. ಬರೀ ಹತ್ತು ಕ್ರೇಟ್, ಆಮೇಲೆ ಗೆಳೆಯನ ಹತ್ತಿರ ಸಾಲ ತೆಗೆದು ಸರಿ ಮಾಡಿದರಾಯ್ತು ಅಂತ ಶುರು ಮಾಡಿದೆ. ಪೆಟ್ಟಿಗೆ ಅಲುಗಾಡುತ್ತದೆ, ನೀಲಿ ಬೆಳಕು, ಆಮೇಲೆ ನೇರಳೆ, ಒಂದು ಕ್ಷಣ ಚಿನ್ನದ ಬಣ್ಣ ಹೊಳೆದು ಮತ್ತೆ ನೇರಳೆಗೆ ಇಳಿಯುತ್ತದೆ. ಒಳಗೆ ಆಗಲೇ ಇರುವ ಅದೇ ಕೈಗವಸು. ಆ ಚಿನ್ನದ ಬಣ್ಣ ಕಂಡಾಗೆಲ್ಲ ಹತ್ತಿರ ಬಂತು, ಹತ್ತಿರ ಬಂತು ಅನ್ನಿಸುತ್ತಿತ್ತು. ಹತ್ತಿರ ಏನೂ ಬಂದಿರಲಿಲ್ಲ. ಇಂಥ ಆಟಗಳಲ್ಲಿ ಬಟನ್ ಒತ್ತಿದ ಕೂಡಲೇ ಏನು ಕೊಡಬೇಕು ಅಂತ ಸರ್ವರ್ ತೀರ್ಮಾನ ಮಾಡಿ ಆಗಿರುತ್ತದೆ. ಅಲುಗಾಟ, ಬೆಳಕು ಎಲ್ಲ ಆಮೇಲೆ ತೋರಿಸುವ ಚಿತ್ರ. ತಿರುಗುವ ಚಕ್ರ ಬೇಕಾದ ಬಹುಮಾನದ ಪಕ್ಕದ ಮನೆಗೇ ಬಂದು ನಿಲ್ಲುತ್ತದಲ್ಲ, ಅದೂ ಅಷ್ಟೇ.

ನೂರು ದಾಟಿತು. ಬರಲಿಲ್ಲ. ನೂರಕ್ಕೆ ಬರಬೇಕಿತ್ತು, ತಡವಾಗಿದೆ, ಹಾಗಾದರೆ ಈಗಂತೂ ಬರಲೇಬೇಕು ಅಂತ ಇನ್ನೂ ಜೋರಾಗಿ ತೆರೆದೆ. ಔಷಧಿ ದುಡ್ಡು ಪೂರ್ತಿ ಹೋಯಿತು.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ. ಮನೆ ದುಡ್ಡು ಮುಟ್ಟಿದ್ದು ತಪ್ಪು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದನ್ನು ಮುಟ್ಟುವ ಧೈರ್ಯ ನನಗೆ ಬಂದದ್ದು ಒಂದು ತಪ್ಪು ಲೆಕ್ಕದಿಂದ. ನಾನು ಚಿಕ್ಕಂದಿನಿಂದ ಬಲ್ಲ 1% ಅಂದರೆ ಬೋರ್ಡೋ ದ್ರಾವಣದ 1%. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನಕ್ಕೆ ಹೊಯ್ದು, ಕೋಲಿನಲ್ಲಿ ಕದಡುತ್ತಾ ಇರಬೇಕು. ಡ್ರಮ್ಮಿನ ಯಾವ ಮೂಲೆಯಿಂದ ಒಂದು ಚೊಂಬು ಎತ್ತಿದರೂ ಅದರಲ್ಲಿ ಅಷ್ಟೇ ತುತ್ತ ಇರುತ್ತದೆ. ನೂರು ಲೀಟರ್ ಖಾಲಿ ಮಾಡಿದೆ ಅಂದರೆ ಒಂದು ಕೆಜಿ ತುತ್ತ ಗೊನೆಗೆ ಬಿದ್ದಿದೆ, ಅದರಲ್ಲಿ ಎರಡು ಮಾತಿಲ್ಲ. ಕ್ರೇಟ್ ಅನ್ನೂ ನಾನು ಹಾಗೇ ಓದಿದೆ. ನೂರು ಖಾಲಿ ಮಾಡಿದರೆ ಒಂದು ಇದ್ದೇ ಇರುತ್ತದೆ, ತೊಂಬತ್ತು ಆಗಿದ್ದರೆ ಕೊನೆಯ ಹತ್ತರಲ್ಲಿ ಅದು ಕೂತಿದೆ ಅಂತ.

ಇದನ್ನು ನನಗೆ ಬಿಡಿಸಿ ಹೇಳಿದ್ದು ದೊಡ್ಡಪ್ಪನ ಮಗಳು, ಬಿ.ಎಸ್ಸಿ.ಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದ ಅಕ್ಕ. ಎಲ್ಲ ಮುಗಿದ ಮೇಲೆ ಮೊದಲು ಬಾಯಿ ಬಿಟ್ಟದ್ದು ಅವಳ ಹತ್ತಿರ. ಬೈಯಲಿಲ್ಲ.

"1% ಅಂದರೆ ಎಂತ ಅಂತ ಮಾಡಿದ್ದೆ ಮಾರಾಯ ನೀನು?" ಅಂದಳು.

"ನೂರಕ್ಕೆ ಒಂದು."

"ಯಾವ ನೂರಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ ಲೆಕ್ಕ ಇದು. ನೂರು ಜನ ಒಬ್ಬೊಬ್ಬರು ನೂರು ಕ್ರೇಟ್ ತೆರೆದರು ಅಂತ ಇಟ್ಟುಕೊಳ್ಳಿ. ಒಟ್ಟು ಹತ್ತು ಸಾವಿರ. ಅದರಲ್ಲಿ ಹೆಚ್ಚುಕಡಿಮೆ ನೂರು ತುಂಡು ಹೊರಬರುತ್ತವೆ, ಕಂಪನಿ ಬರೆದ 1% ಸುಳ್ಳಲ್ಲ. ಆದರೆ ಅವು ತಲೆಗೊಂದರಂತೆ ಹಂಚಿಕೆ ಆಗುವುದಿಲ್ಲ. ಸುಮಾರು 37 ಜನಕ್ಕೆ ಒಂದು ಸಿಗುತ್ತದೆ. ಸುಮಾರು 26 ಜನಕ್ಕೆ ಎರಡು ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತವೆ. ಉಳಿದ 37 ಜನಕ್ಕೆ, ನೂರು ತೆರೆದ ಮೇಲೂ, ಏನೂ ಇಲ್ಲ. ಯಾರು ಆ 37ರಲ್ಲಿ ಬೀಳುತ್ತಾರೆ ಅಂತ ಮೊದಲೇ ಹೇಳುವುದಕ್ಕೆ ಯಾರಿಂದಲೂ ಆಗದು.

ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ನೀವೇ ನೋಡಿ. ಒಂದು ಕ್ರೇಟ್‌ನಲ್ಲಿ ಬರದೇ ಇರುವ ಸಾಧ್ಯತೆ 0.99. ಎರಡರಲ್ಲೂ ಬರದೇ ಇರಬೇಕಾದರೆ 0.99 ಗುಣಿಸು 0.99. ಹೀಗೆ ಗುಣಿಸುತ್ತಾ ಹೋಗಿ. 69 ಸಲ ಗುಣಿಸಿದಾಗ ಅರ್ಧಕ್ಕೆ ಬರುತ್ತದೆ, ಅಂದರೆ 69 ಕ್ರೇಟ್ ತೆರೆದವರಲ್ಲಿ ಅರ್ಧ ಜನ ಖಾಲಿ ಕೈ. ನೂರಕ್ಕೆ 0.366. ಇನ್ನೂರಕ್ಕೆ 0.134. ಮುನ್ನೂರು ತೆರೆದರೂ ನೂರರಲ್ಲಿ ಸುಮಾರು ಐದು ಜನಕ್ಕೆ ಸಿಕ್ಕಿರುವುದಿಲ್ಲ. ನೂರರಲ್ಲಿ 99 ಜನಕ್ಕೆ ಸಿಗಬೇಕು ಅಂದರೆ ಒಬ್ಬೊಬ್ಬರು 459 ತೆರೆಯಬೇಕು. 40 ರೂಪಾಯಿಯ ಹಾಗೆ 18,360 ರೂಪಾಯಿ, ಒಂದು ಆಟದ ಬಟ್ಟೆಗೆ.

ಈಗ ನಿಮ್ಮ ವಿಷಯ. ತೊಂಬತ್ತು ತೆರೆದೂ ಸಿಗದವರು ನೂರಕ್ಕೆ ಸುಮಾರು 40 ಜನ. ಹಾಗಾಗಿ ನನ್ನ ನಸೀಬೇ ಸರಿ ಇಲ್ಲ ಅಂತ ನೀವು ಬರೆದದ್ದನ್ನು ನಾನು ಒಪ್ಪುವುದಿಲ್ಲ, ನಿಮ್ಮ ಜೊತೆ ಬಹಳ ಜನ ಇದ್ದಾರೆ. ಇನ್ನು ಹತ್ತು ತೆರೆದರೆ ಸಿಗುವ ಸಾಧ್ಯತೆ 9.6%. ಬರೀ ಅಷ್ಟೇ. ಇವತ್ತು ಮೊದಲ ಸಲ ಆಟಕ್ಕೆ ಬಂದವನು ಹತ್ತು ತೆರೆದರೂ ಅವನಿಗೂ ಅದೇ 9.6%. ನೀವು ಹಾಕಿದ 3,600 ರೂಪಾಯಿಯ ನೆನಪು ಕ್ರೇಟಿಗೆ ಇಲ್ಲ. ತೊಂಬತ್ತು ಆದ ಮೇಲೂ ನಿಮಗೆ ಸರಾಸರಿ ಇನ್ನೂ ನೂರು ಕ್ರೇಟ್ ಬಾಕಿ ಇದೆ, ಅಂದರೆ 4,000 ರೂಪಾಯಿ. ನನಗೆ ಒಪ್ಪಿಕೊಳ್ಳುವುದಕ್ಕೆ ಬಹಳ ಕಷ್ಟವಾದ ಮಾತು ಇದು. ಇಷ್ಟು ಹಾಕಿದ್ದೇನೆ, ಸ್ವಲ್ಪವಾದರೂ ಮುಂದೆ ಬಂದಿರಬೇಕಲ್ಲ ಅಂತ ಮನಸ್ಸು ಹಟ ಮಾಡುತ್ತದೆ. ಒಂದು ಹೆಜ್ಜೆಯೂ ಮುಂದೆ ಬಂದಿರುವುದಿಲ್ಲ.

ಆ ಹಳದಿ ಪಟ್ಟಿಯ ಬಗ್ಗೆಯೂ ಹೇಳಬೇಕು. ಐದರಲ್ಲಿ ನಾಲ್ಕು ಅಂದರೆ 80% ಮುಗಿಯಿತು ಅಂತ ತೋರಿಸುತ್ತದೆ. ಐದೂ ತುಂಡು ಸಮವಾಗಿ ಬರುವ ಹಾಗಿದ್ದರೂ ಅದು ನಿಜವಲ್ಲ. ಆಗ ಐದನ್ನೂ ಕೂಡಿಸಲು ಸರಾಸರಿ 11.4 ಸಲ ತೆರೆಯಬೇಕು, ಅದರಲ್ಲಿ ಐದು ಸಲ ಕೊನೆಯ ಒಂದಕ್ಕೇ ಬೇಕು. ಯಾಕೆಂದರೆ ಮೊದಲು ಏನು ಬಂದರೂ ಹೊಸದೇ, ಕೊನೆಗೆ ಬೇಕಾಗಿರುವುದು ಒಂದೇ, ಉಳಿದದ್ದೆಲ್ಲ ಡೂಪ್ಲಿಕೇಟ್. ಇನ್ನು ನಿಮ್ಮ ಸೆಟ್‌ನಲ್ಲಿ ಕೊನೆಯದಕ್ಕೆ 1% ಇಟ್ಟಿದ್ದಾರೆ. ಕ್ರೇಟ್ ಒಳಗೆ ಈ ಐದೇ ತುಂಡು ಇದ್ದು ಉಳಿದ 99% ಅನ್ನು ಬೇರೆ ನಾಲ್ಕು ಸಮನಾಗಿ ಹಂಚಿಕೊಂಡಿವೆ ಅಂತ ಲೆಕ್ಕ ಹಾಕಿದರೆ, ಆ ನಾಲ್ಕಕ್ಕೆ ಸರಾಸರಿ ಎಂಟೊಂಬತ್ತು ಕ್ರೇಟ್ ಸಾಕು. ಕೊನೆಯ ಒಂದಕ್ಕೆ ನೂರು. ಪಟ್ಟಿ 80% ಅನ್ನುವಾಗ ನಿಜವಾಗಿ ಹತ್ತರಲ್ಲಿ ಒಂದು ಪಾಲೂ ಆಗಿರುವುದಿಲ್ಲ. ಸುಮ್ನೆ ಕಣ್ಣಿಗೆ ಚಂದ ಅಂತ ಆ ಪಟ್ಟಿ ಇಟ್ಟಿಲ್ಲ. ಜಪಾನಿನಲ್ಲಿ ಹೀಗೆ ಯಾದೃಚ್ಛಿಕವಾಗಿ ಸಿಗುವ ವಸ್ತುಗಳ ಸೆಟ್ ಪೂರ್ತಿ ಮಾಡಿದರೆ ದೊಡ್ಡ ಬಹುಮಾನ ಅನ್ನುವ ಪದ್ಧತಿಗೆ ಕಂಪು ಗಾಚಾ ಅನ್ನುತ್ತಿದ್ದರು. 2012ರಲ್ಲಿ ಅಲ್ಲಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಅದು ಕಾನೂನಿಗೆ ವಿರುದ್ಧ ಅಂತ ಹೇಳಿತು, ಕಂಪನಿಗಳು ನಿಲ್ಲಿಸಿದವು. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಇಂಥ ಕ್ರೇಟ್, ಅಂದರೆ ಲೂಟ್ ಬಾಕ್ಸ್‌ಗಳನ್ನು ಜೂಜು ಅಂತಲೇ ಪರಿಗಣಿಸಿತು. ನೀವು ಸಿಕ್ಕಿಬಿದ್ದಿರುವುದು ಒಂದು ದೇಶ ತಡೆದು ನಿಲ್ಲಿಸಿದ ಅದೇ ಬಲೆಯಲ್ಲಿ, ಅದಕ್ಕೇ ನನಗೆ ಇಷ್ಟು ಸಿಟ್ಟು.

ಕೆಲವರು ಕೆಳಗೆ ಕಾಮೆಂಟ್‌ಗೆ ಬಂದು ಇಷ್ಟು ಸಲ ತೆರೆದರೆ ಗ್ಯಾರಂಟಿ ಇರುತ್ತದೆ ಅನ್ನಬಹುದು. ಕೆಲವು ಆಟಗಳಲ್ಲಿ ಇದೆ, ನಿಜ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಪಾತ್ರಗಳನ್ನು ಕೊಡುವ ಬ್ಯಾನರ್‌ನಲ್ಲಿ (ಅಲ್ಲಿನ ಕ್ರೇಟ್ ಇದ್ದ ಹಾಗೆ) ಐದು ನಕ್ಷತ್ರದ್ದು, ಅಂದರೆ ತೀರಾ ಅಪರೂಪದ್ದು ಬರುವ ಮೂಲ ಸಾಧ್ಯತೆ 0.6%, ಆದರೆ 90ನೆಯ ಸಲಕ್ಕೆ ಒಂದು ಕೊಟ್ಟೇ ಕೊಡುತ್ತಾರೆ. ಅಲ್ಲೂ ಅದು ನಿಮಗೆ ಬೇಕಾದ ಪಾತ್ರವೇ ಆಗಬೇಕಿಲ್ಲ. ಬೇರೆಯದು ಬಂದರೆ ಮತ್ತೆ ಮೊದಲಿನಿಂದ, ಮುಂದಿನ ಸಲ ಬೇಕಾದದ್ದು ಖಚಿತ, ಹಾಗಾಗಿ ತೀರಾ ಕೆಟ್ಟರೆ 180. ನಿಮ್ಮ ಆಟದಲ್ಲಿ ಹೀಗೆ ಬರೆದಿದ್ದರೆ ಲೆಕ್ಕವೇ ಬೇರೆ. ಕ್ರೇಟ್ ಪಕ್ಕದ ಸಣ್ಣ ಪ್ರಶ್ನೆ ಚಿಹ್ನೆ ಒತ್ತಿ, ನಿಯಮ ಪೂರ್ತಿ ಓದಿ. ಆ್ಯಪಲ್ 2017ರ ಡಿಸೆಂಬರ್‌ನಿಂದ ತನ್ನ ಆ್ಯಪ್ ಸ್ಟೋರ್‌ನಲ್ಲಿ ಇಂಥ ಆಟಗಳು ಖರೀದಿಗೆ ಮೊದಲೇ ಸಾಧ್ಯತೆ ತೋರಿಸಬೇಕು ಅಂತ ನಿಯಮ ಮಾಡಿದೆ. ಇಷ್ಟು ಸಲಕ್ಕೆ ಖಚಿತ ಅಂತ ಅಕ್ಷರದಲ್ಲಿ ಬರೆದಿಲ್ಲದಿದ್ದರೆ ಖಚಿತ ಇಲ್ಲ. ನೀವು ಹಾಕಿದ ಸ್ಕ್ರೀನ್‌ಶಾಟ್‌ನಲ್ಲಿ ನನಗೆ ಕಂಡದ್ದು 1% ಮಾತ್ರ.

ಬರೆದ ಸಾಧ್ಯತೆಯನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಮೇಪಲ್‌ಸ್ಟೋರಿ ಆಟದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಕ್ಯೂಬ್‌ಗಳ (ಆಟದ ಸಲಕರಣೆಗಳ ಗುಣಗಳನ್ನು ಯಾದೃಚ್ಛಿಕವಾಗಿ ಬದಲಿಸುವ ವಸ್ತುಗಳ) ಸಾಧ್ಯತೆಯನ್ನು ಆಟಗಾರರಿಗೆ ತಿಳಿಸದೆ ಬದಲಾಯಿಸಿದ್ದಕ್ಕೆ ದಕ್ಷಿಣ ಕೊರಿಯಾದ ವ್ಯಾಪಾರ ಆಯೋಗ ನೆಕ್ಸಾನ್ ಕಂಪನಿಗೆ 2024ರ ಜನವರಿಯಲ್ಲಿ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಅದೇ ವರ್ಷ ಮಾರ್ಚ್‌ನಿಂದ ಅಲ್ಲಿ ಸಾಧ್ಯತೆ ಪ್ರಕಟಿಸುವುದು ಕಾನೂನಿನಲ್ಲೇ ಕಡ್ಡಾಯ.

ಇನ್ನು ಲಕ್ ಜಾಸ್ತಿ ಇರುವ ಹೊತ್ತು. ರಾತ್ರಿ ಹನ್ನೆರಡಕ್ಕೆ ಸರ್ವರ್ ಖಾಲಿ ಇರುತ್ತದೆ, ಮೊದಲು ಎರಡು ಸಾದಾ ಕ್ರೇಟ್ ತೆರೆದು ಆಮೇಲೆ ಇದನ್ನು ತೆರೆಯಿರಿ ಅಂತ ಹೇಳುವ ವಿಡಿಯೋಗಳನ್ನು ನಾನೂ ನೋಡಿದ್ದೆ, ಅದೇ ರೀತಿ ಮಾಡಿಯೂ ನೋಡಿದ್ದೆ. ನಮ್ಮ ಕಡೆ ಓಸಿ (ನಂಬರ್ ಜೂಜು) ಬರೆಸುವವರನ್ನು ನೋಡಿದ್ದೀರಾ? ಹಿಂದಿನ ವಾರಗಳ ನಂಬರ್ ಬರೆದ ಚೀಟಿ ಜೇಬಿನಲ್ಲಿ ಇಟ್ಟುಕೊಂಡು, ಏಳು ಬಂದು ಬಹಳ ದಿನ ಆಯ್ತು, ಇವತ್ತು ಏಳೇ ಅಂತ ಚಹಾದಂಗಡಿಯಲ್ಲಿ ಕೂತು ತರ್ಕ ಮಾಡುತ್ತಾರೆ. ಆ ಹೊತ್ತಿನ ವಿಡಿಯೋ ಮಾಡುವವರ ತರ್ಕವೂ ಇದೇ. ಸಾವಿರಾರು ಜನ ಒಂದೇ ರಾತ್ರಿ ಹನ್ನೆರಡಕ್ಕೆ ತೆರೆದರೆ ಕೆಲವರಿಗೆ ಬಂದೇ ಬರುತ್ತದೆ. ಅವರು ಕಾಮೆಂಟ್ ಹಾಕುತ್ತಾರೆ, ಬರದವರು ಸುಮ್ಮನಾಗುತ್ತಾರೆ.

ಊರಿನ ಕಥೆ ಮುಗಿಸುತ್ತೇನೆ. ಅಂಗಡಿಯಲ್ಲಿ ಮೈಲುತುತ್ತ ಸ್ಟಾಕ್ ಇಲ್ಲ ಅಂತ ಅಪ್ಪಯ್ಯನಿಗೆ ಸುಳ್ಳು ಹೇಳಿದೆ. ಅವರು ನಂಬಿದರು, ಊರಿನವರ ಹತ್ತಿರ ಸಾಲಕ್ಕೆ ತಂದರು. ಅಷ್ಟರಲ್ಲಿ ಕೊನೆಗಾರ ಬೇರೆಯವರ ತೋಟ ಒಪ್ಪಿಕೊಂಡಾಗಿತ್ತು. ಮುಂಗಡ ಕೊಟ್ಟವರನ್ನು ಬಿಟ್ಟು ನಮ್ಮಲ್ಲಿಗೆ ಯಾಕೆ ಬರಬೇಕು ಅವನು? ಮೇಲಿನ ತೋಟಕ್ಕೆ ಹೇಗೋ ಹೊಡೆಸಿದ್ದಾಯಿತು. ಕೆಳಗಿನ ತೋಟಕ್ಕೆ ಬರುವ ಹೊತ್ತಿಗೆ ಮೃಗಶಿರಾ ಮಳೆ ಹಿಡಿದು ಬಿಡಲೇ ಇಲ್ಲ. ಗೊನೆ ಒಣಗಿರದೆ ಔಷಧಿ ಹೊಡೆದರೆ ತೊಳೆದು ಹೋಗುತ್ತದೆ, ಮರ ಜಾರುತ್ತದೆ, ಹತ್ತಿಸುವ ಹಾಗೂ ಇಲ್ಲ. ಆರಿದ್ರಾ ಮುಗಿಯುವಷ್ಟರಲ್ಲಿ ಕೆಳಗಿನ ತೋಟದಲ್ಲಿ ಕೊಳೆ ಕಾಣಿಸಿತು. ಬೆಳಿಗ್ಗೆ ಹೋದರೆ ಮರದ ಬುಡದ ತುಂಬ ಹಸಿರು ಕಾಯಿ, ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಪ್ಪು, ಮೇಲೆ ಬಿಳಿ ಬೂಷ್ಟು. ಅಮ್ಮನೂ ನಾನೂ ಕಂಬಳಿಕೊಪ್ಪೆ ಹಾಕಿಕೊಂಡು ಬುಟ್ಟಿಗೆ ಹೆಕ್ಕಿದೆವು. ಅಮ್ಮನಿಗೆ ಆಗ ಏನೂ ಗೊತ್ತಿರಲಿಲ್ಲ. ಔಷಧಿ ಹೊಡೆದ ತೋಟಕ್ಕೂ ಕೊಳೆ ಬರುವ ವರ್ಷಗಳಿವೆ, ಹೊತ್ತಿಗೆ ಸರಿಯಾಗಿ ಹೊಡೆದಿದ್ದರೆ ಒಂದೂ ಉದುರುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮೇಲಿನ ತೋಟದಲ್ಲಿ ಗೊನೆ ನಿಂತಿದ್ದನ್ನು ಎಲ್ಲರೂ ಕಂಡರು.

ಅಪ್ಪಯ್ಯನಿಗೆ ನಿಜ ಹೇಳಿದ್ದು ಕೊಯ್ಲಿನ ಹೊತ್ತಿಗೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ಬಟ್ಟೆ ಕೊನೆಗಾದರೂ ಸಿಕ್ಕಿತಾ?" ಅಂತ ಕೇಳಿದರು. ಇಲ್ಲ ಅಂದೆ. ಮರುವರ್ಷ ಔಷಧಿ ದುಡ್ಡು ಅಮ್ಮನ ಕೈಗೆ ಹೋಯಿತು.

ಬಜೆಟ್ ಹಾಕಿಕೊಂಡು ಆಡಿ ಅಂತ ಬೇರೆ ಉತ್ತರಗಳಲ್ಲಿ ಹೇಳುತ್ತಾರೆ. ನಾನು ಹೇಳುವುದಿಲ್ಲ. ಒಂದೇ ಬಾಕಿ ಅಂತ ಕಾಣುವಾಗ ಬಜೆಟ್ ನಿಲ್ಲುವುದಿಲ್ಲ, ನಿಮ್ಮ ಮೊದಲ ಬಜೆಟ್ ಎಷ್ಟಿತ್ತು ಅಂತ ನೀವೇ ನೆನಪು ಮಾಡಿಕೊಳ್ಳಿ. ಅದರ ಬದಲು ಒಂದು ಕ್ರೇಟ್‌ನ ದರವನ್ನು ನೂರರಿಂದ ಗುಣಿಸಿ, ಅದೇ ವಸ್ತುವಿನ ಬೆಲೆ ಅಂತ ಇಟ್ಟುಕೊಳ್ಳಿ. 4,000 ರೂಪಾಯಿ ಅಂತ ಬೆಲೆ ಚೀಟಿ ಅಂಟಿಸಿ ಅಂಗಡಿಯಲ್ಲಿ ಇಟ್ಟಿದ್ದರೆ ಕೊಳ್ಳುತ್ತಿದ್ದಿರಾ? ಇಲ್ಲ ಅಂತಾದರೆ ಮೊದಲ ಕ್ರೇಟನ್ನೂ ತೆರೆಯಬಾರದು. ಹೌದು ಅಂತಾದರೂ, ಆ ದುಡ್ಡಿಗೆ ನೇರವಾಗಿ ಮಾರುವ ವಸ್ತುವನ್ನು ಕೊಳ್ಳಿ, ಕೊಟ್ಟ ದುಡ್ಡಿಗೆ ಕೈಗೆ ಬರುವಂಥದ್ದನ್ನು.

ಲೈವ್‌ನಲ್ಲಿ ಪುಕ್ಕಟೆ ಕೊಡುವ ಗಿವ್‌ಅವೇಗಳಲ್ಲಿ ಪ್ರಯತ್ನ ಮಾಡಬಹುದಾ ಅಂತಲೂ ಕೇಳಿದ್ದೀರಿ. ನಿಜವಾಗಿ ಪುಕ್ಕಟೆ ಆದರೆ ಮಾಡಿ, ಅದರಲ್ಲಿ ಕಳೆದುಕೊಳ್ಳುವುದು ಸಮಯ ಮಾತ್ರ. ಐದು ಸಾವಿರ ಜನ ಹೆಸರು ಹಾಕಿದ ಕಡೆ ಒಂದು ಬಹುಮಾನ ಇದ್ದರೆ ನಿಮ್ಮದು ಐದು ಸಾವಿರದಲ್ಲಿ ಒಂದು, ಅಷ್ಟು ತಿಳಿದಿರಲಿ. ಗೆದ್ದಿದ್ದೀರಿ ಅಂತ ಮೆಸೇಜ್ ಬಂದು ಆಟದ ಪಾಸ್‌ವರ್ಡ್, ಒಟಿಪಿ, ಸಣ್ಣ ಮೊತ್ತದ ಶುಲ್ಕ ಅಂತ ಶುರುವಾದರೆ ಅದು ಗಿವ್‌ಅವೇ ಅಲ್ಲ, ಮೋಸ. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಹಾಕಬೇಕಾಗಿಯೇ ಇಲ್ಲ, ಪಿನ್ ಕೇಳಿದರು ಅಂದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಆಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ ಒಂದು ಕೆಲಸ ಇವತ್ತೇ ಮಾಡಿ. ಇಂಥ ಇವೆಂಟ್‌ಗಳಲ್ಲಿ ಎಷ್ಟೋ ಸಲ ಡೂಪ್ಲಿಕೇಟ್ ತುಂಡುಗಳನ್ನು ಟೋಕನ್ ಮಾಡಿಕೊಂಡು ಬೇರೆ ಏನಾದರೂ ತೆಗೆದುಕೊಳ್ಳುವ ಎಕ್ಸ್‌ಚೇಂಜ್ ಪುಟ ಇರುತ್ತದೆ, ಇವೆಂಟ್ ಮುಗಿದ ಮೇಲೆ ಅದೂ ಮುಚ್ಚಿ ಹೋಗುತ್ತದೆ. ತೊಂಬತ್ತು ತೆರೆದಿದ್ದೀರಿ ಅಂದರೆ ನಿಮ್ಮ ಹತ್ತಿರ ಡೂಪ್ಲಿಕೇಟ್ ಬೇಕಾದಷ್ಟಿರುತ್ತವೆ. ಭಾನುವಾರದೊಳಗೆ ಅದರಲ್ಲಿ ಸಿಗುವುದನ್ನು ತೆಗೆದುಕೊಳ್ಳಿ, ಆಮೇಲೆ ಆಟದಿಂದ ಪೇಮೆಂಟ್ ವಿವರ ಅಳಿಸಿ. ಮನೆಯವರ ದುಡ್ಡು ಹಾಕಿದ್ದರೆ ಅದನ್ನೂ ಈಗಲೇ ಅವರಿಗೆ ಹೇಳಿಬಿಡಿ.